ನೆಂಟರ ಮನೆಯ ದೂರದರ್ಶನವೂ ಪರವಾನೆಯ ಪ್ರಶ್ನೆಯೂ

ಮಾಗೋಡಿನ ಕಡೆಯ ನಮ್ಮ ವಾಚಕರೊಬ್ಬರು ಒಂದು ಪತ್ರವನ್ನು ಬರೆದು, ಅದಕ್ಕೆ ಉತ್ತರವನ್ನು ಈ ಅಂಕಣದಲ್ಲಿಯೇ ಕೊಡಬೇಕೆಂದು ಅಪೇಕ್ಷಿಸಿದ್ದಾರೆ. ಅವರ ಮಗನು ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿರುವನು. ಅಡಿಕೆಯ ಕೊನೆಕೊಯ್ಲು ಮುಗಿದ ತರುವಾಯ ಪತ್ನೀಸಮೇತರಾಗಿ ಅಲ್ಲಿಗೆ ಹೋಗಿ ಕೆಲವು ತಿಂಗಳು ಇದ್ದು ಬರಬೇಕೆಂದು ಅವರು ನಿಶ್ಚಯಿಸಿದ್ದಾರೆ. ಆ ದೇಶದಲ್ಲಿ ದೂರದರ್ಶನವನ್ನು ನೋಡುವುದಕ್ಕೆ ಪರವಾನೆ ಬೇಕೆಂದೂ, ಇಲ್ಲದೆ ನೋಡಿದವರಿಗೆ ದಂಡವೆಂದೂ ಯಾರೋ ಅವರಿಗೆ ಹೇಳಿದ್ದಾರೆ. "ಮಗನ ಮನೆಯಲ್ಲಿ ನಾನು ನೋಡಿದರೆ ನನಗೆ ಬೇರೆ ಪರವಾನೆ ಬೇಕೆ? ಅಲ್ಲಿಂದ ಸೋದರಳಿಯನ ಮನೆಗೆ ಹೋದರೆ ಮಗನ ಪರವಾನೆಯು ಅಲ್ಲಿಗೂ ಸಲ್ಲುವುದೆ? ಊರಿಗೆ ಮರಳಿದ ಮೇಲೆ, ಬೆಂಗಳೂರಿನ ಮಗಳು ಹಣ ತೆತ್ತು ಇಟ್ಟುಕೊಂಡಿರುವ ಚಿತ್ರಪ್ರಸಾರದ ಖಾತೆಯಿಂದ ನಾವು ಇಲ್ಲಿ ಕುಳಿತು ನೋಡುವುದು ಸರಿಯೆ?" ಎಂಬವು ಅವರ ಮೂರು ಪ್ರಶ್ನೆಗಳು.

ಪ್ರಶ್ನೆಗಳು ಮೇಲ್ನೋಟಕ್ಕೆ ಕ್ಷುಲ್ಲಕವೆಂದು ತೋರಬಹುದು. ಆದರೆ ಮನೆಯೆಂದರೇನು, ಅತಿಥಿಯೆಂದರೆ ಯಾರು, ಒಂದು ಮನೆಯ ಸ್ವತ್ತಿನಲ್ಲಿ ಇನ್ನೊಂದು ಮನೆಗೆ ಎಷ್ಟು ಪಾಲು ಎಂಬ ದೊಡ್ಡ ವಿಷಯವೇ ಇವುಗಳೊಳಗೆ ಅಡಗಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಈ ಸೀಮೆಯಲ್ಲಿ ಮಗನೋ ಮಗಳೋ ಪರಸ್ಥಳದಲ್ಲಿರದ ಮನೆಯನ್ನು ಹುಡುಕುವುದು ಈಗ ಕಷ್ಟ. ಆದುದರಿಂದ ಈ ಪತ್ರವು ಒಬ್ಬರದಾದರೂ ಪ್ರಶ್ನೆಯು ಅನೇಕರದೆಂದು ನಾವು ಭಾವಿಸುತ್ತೇವೆ.

ಮೊದಲು ಇಂಗ್ಲೆಂಡಿನ ಮಾತು. ಅಲ್ಲಿಯ 2003ರ ಸಂಪರ್ಕ ಕಾಯದೆಯ ಪ್ರಕಾರ, ಪರವಾನೆಯಿಲ್ಲದೆ ದೂರದರ್ಶನದ ಗ್ರಾಹಕಯಂತ್ರವನ್ನು ಸ್ಥಾಪಿಸುವುದೂ ಬಳಸುವುದೂ ಅಪರಾಧ. ದಂಡವು 1000 ಪೌಂಡುಗಳ ತನಕ ಹೋಗಬಹುದು. ವರ್ಷದ ಶುಲ್ಕವು 2025ರ ಏಪ್ರಿಲಿನಲ್ಲಿ 174 ಪೌಂಡು 50 ಪೆನ್ಸ್ ಆಯಿತು. ಬಿ.ಬಿ.ಸಿ. ಎಂಬ ಪ್ರಸಾರ ಸಂಸ್ಥೆಯು ಮುಖ್ಯವಾಗಿ ಈ ಹಣದಿಂದಲೇ ನಡೆಯುತ್ತದೆ. ಆದರೆ ಈ ಪರವಾನೆಯು ವ್ಯಕ್ತಿಗೆ ಅಂಟಿಕೊಂಡುದಲ್ಲ, ವಿಳಾಸಕ್ಕೆ ಅಂಟಿಕೊಂಡುದು. ಒಂದು ವಿಳಾಸಕ್ಕೆ ಪರವಾನೆಯಿದ್ದರೆ ಆ ಮನೆಯೊಳಗೆ ಎಷ್ಟು ಯಂತ್ರಗಳಿದ್ದರೂ, ಮನೆಯವರೂ ಬಂದ ನೆಂಟರೂ ಎಷ್ಟು ಜನ ಕುಳಿತು ನೋಡಿದರೂ, ಅದೊಂದೇ ಸಾಕು. ಆದುದರಿಂದ ಮಗನು ಶುಲ್ಕವನ್ನು ತೆತ್ತಿದ್ದರೆ ತಂದೆತಾಯಿಗಳು ನಿಶ್ಚಿಂತೆಯಿಂದ ನೋಡಬಹುದು. ಇದು ಮೊದಲನೆಯ ಪ್ರಶ್ನೆಗೆ ಉತ್ತರ.

ಎರಡನೆಯದರಲ್ಲಿ ಸ್ವಲ್ಪ ಎಚ್ಚರಿಕೆ ಬೇಕು. ಮಗನ ಪರವಾನೆಯು ಸೋದರಳಿಯನ ಮನೆಯ ಗೋಡೆಯ ಮೇಲಿರುವ ಯಂತ್ರಕ್ಕೆ ಸಲ್ಲುವುದಿಲ್ಲ. ಆ ಮನೆಗೆ ಅದರದೇ ಪರವಾನೆಯಿರಬೇಕು. ಅಲ್ಲಿಯ ನಿಯಮದಲ್ಲಿ ಒಂದು ಸಣ್ಣ ಸಡಿಲಿಕೆಯುಂಟು. ಪರವಾನೆಯುಳ್ಳ ಮನೆಯಲ್ಲಿ ವಾಸಿಸುವವನು ಹೊರಗೆ ಹೋದಾಗ, ತನ್ನೊಳಗಿನ ಬ್ಯಾಟರಿಯಿಂದಲೇ ನಡೆಯುವ ಫೋನು ಮೊದಲಾದ ಯಂತ್ರದಲ್ಲಿ, ಅದನ್ನು ಗೋಡೆಯ ವಿದ್ಯುತ್ತಿಗೂ ಆಂಟೆನಾಕ್ಕೂ ಜೋಡಿಸದೆ ನೋಡಿದರೆ, ಮನೆಯ ಪರವಾನೆಯು ಅವನೊಡನೆ ಹೋಗುತ್ತದೆ. ಓದಲು ಹೋದ ವಿದ್ಯಾರ್ಥಿಯು ತಂದೆಯ ಮನೆಯ ಪರವಾನೆಯ ನೆರಳಿನಲ್ಲಿ ನೋಡುವುದು ಈ ರೀತಿಯಿಂದಲೇ. ಅದೇ ಫೋನಿಗೆ ವಿದ್ಯುತ್ತಿನ ತಂತಿಯನ್ನು ಚುಚ್ಚಿದೊಡನೆ ಆ ನೆರಳು ತಪ್ಪುತ್ತದೆ! ಆದರೆ ನಮ್ಮಿಂದ ಅಲ್ಲಿಗೆ ಓದಲು ಹೋದ ಹುಡುಗರು ಈ ಸಡಿಲಿಕೆಯನ್ನು ನೆಚ್ಚಕೂಡದು. ಅವರ ಹಿರಿಯರ ಮನೆಯು ಇರುವುದು ಯಲ್ಲಾಪುರದಲ್ಲಿ; ಇಲ್ಲಿಯ ಮನೆಗೆ ಆ ದೇಶದ ಪರವಾನೆ ಎಲ್ಲಿಂದ ಬರಬೇಕು? ಬೇರೆ ಬೇರೆ ಬಾಡಿಗೆಯ ಕರಾರಿನ ಮೇಲೆ ಒಂದೇ ಕಟ್ಟಡದ ಕೋಣೆಗಳಲ್ಲಿರುವವರು ತಮ್ಮ ತಮ್ಮ ಕೋಣೆಗೆ ಬೇರೆ ಪರವಾನೆ ಪಡೆಯಬೇಕಾಗುವುದೆಂಬುದನ್ನೂ ಅವರು ತಿಳಿದಿರಬೇಕು.

ಇದನ್ನು ಓದಿ "ನಮ್ಮ ದೇಶದಲ್ಲಿ ಇಂಥ ಜಂಜಾಟವಿಲ್ಲ" ಎಂದು ಸಮಾಧಾನಪಡುವವರು ಇತಿಹಾಸವನ್ನು ಮರೆತವರು. ನಮ್ಮಲ್ಲಿಯೂ ಪರವಾನೆಯಿತ್ತು. 1927ರಲ್ಲಿ ಮುಂಬಯಿಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯು ಪ್ರಸಾರವನ್ನು ಆರಂಭಿಸಿದಾಗ ರೇಡಿಯೋ ಇಟ್ಟುಕೊಳ್ಳುವವರು ವರ್ಷಕ್ಕೆ 10 ರೂಪಾಯಿಗಳನ್ನು ತೆರಬೇಕಾಗಿತ್ತು. 1933ರಲ್ಲಿ ಭಾರತೀಯ ನಿಸ್ತಂತು ಕಾಯದೆಯು ಬಂತು. ಆಗ ಮುಂಬಯಿ ಇಲಾಖೆಗೆ ಸೇರಿದ್ದ ನಮ್ಮ ಕಾನಡಾ ಜಿಲ್ಲೆಗೂ ಅದು ಅನ್ವಯಿಸುತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೆಯೂ ಪದ್ಧತಿಯು ಮುಂದುವರಿಯಿತು. ಅಂಚೆಕಚೇರಿಗೆ ಪರವಾನೆಯ ಪುಸ್ತಕವನ್ನು ಒಯ್ದು, ರೇಡಿಯೋಕ್ಕೆ 15 ರೂಪಾಯಿ, ದೂರದರ್ಶನಕ್ಕೆ 50 ರೂಪಾಯಿ ಕಟ್ಟಿ ಬರುತ್ತಿದ್ದ ದಿನಗಳನ್ನು ಮಧ್ಯವಯಸ್ಸು ದಾಟಿದ ವಾಚಕರು ಮರೆತಿರಲಾರರು. 1980ರ ದಶಕದ ಮಧ್ಯಭಾಗದಲ್ಲಿ ಈ ಪದ್ಧತಿಯು ರದ್ದಾಯಿತು.

ಆದರೆ ಆ 1933ರ ಕಾಯದೆಯು ಹಿಡಿದದ್ದು ಯಾರನ್ನು? ಇಲ್ಲಿಯೇ ನಮ್ಮ ವಿಷಯದ ತಿರುಳಿದೆ. ಪರವಾನೆಯಿಲ್ಲದೆ ನಿಸ್ತಂತು ಯಂತ್ರವನ್ನು ಯಾರೂ ತಮ್ಮ ವಶದಲ್ಲಿ ಇಟ್ಟುಕೊಳ್ಳಕೂಡದು ಎಂಬುದು ಅದರ ಮೂರನೆಯ ಕಲಮು. ಮೊದಲನೆಯ ತಪ್ಪಿಗೆ 100 ರೂಪಾಯಿಗಳ ತನಕ, ಮರಳಿ ಮಾಡಿದ ತಪ್ಪಿಗೆ 250 ರೂಪಾಯಿಗಳ ತನಕ ದಂಡ. ಯಂತ್ರವು ಯಾರ ಸ್ವಾಧೀನದಲ್ಲಿರುವಂತೆ ತೋರುವುದೋ, ಅಥವಾ ಯಾರ ಹತೋಟಿಯಲ್ಲಿರುವ ಸ್ಥಳದಲ್ಲಿ ಇರುವುದೋ, ಅವರ ವಶದಲ್ಲಿಯೇ ಅದು ಇದೆಯೆಂದು ನ್ಯಾಯಾಲಯವು ಊಹಿಸಬಹುದೆಂದೂ ಅದರಲ್ಲಿ ಹೇಳಿತ್ತು. ಎಂದರೆ, ಕಾಯದೆಯು ಯಜಮಾನನನ್ನು ಕೇಳುತ್ತಿತ್ತೇ ಹೊರತು ಜಗಲಿಯ ಮೇಲೆ ಕುಳಿತು ಕೇಳಿದವನನ್ನಲ್ಲ. ಕಿವಿಗೆ ಪರವಾನೆ ಬೇಕಾಗಿರಲಿಲ್ಲ; ಪೆಟ್ಟಿಗೆಗೆ ಬೇಕಾಗಿತ್ತು. ಪರಕೀಯರ ಆಳಿಕೆಯ ಕಾಯದೆಗಳನ್ನು ಹೊಗಳುವ ಚಟ ನಮಗಿಲ್ಲ. ಅವರು ಈ ಕಾಯದೆಯನ್ನು ತಂದುದು ನಮ್ಮ ಅತಿಥಿಸತ್ಕಾರದ ಮೇಲಣ ಪ್ರೀತಿಯಿಂದಲೂ ಅಲ್ಲ. ಆದರೂ, ನೆಂಟನು ನಿರಪರಾಧಿಯೆಂಬ ಫಲವು ಅದರಿಂದ ದೊರೆತುದು ಸತ್ಯ.

ಈ ಫಲವು ನಮ್ಮ ಸೀಮೆಯ ನಡೆವಳಿಕೆಗೆ ಒಪ್ಪುವಂತಹದೇ ಆಗಿತ್ತು. ಒಂದು ಮನೆಯಲ್ಲಿ ತಾಳಮದ್ದಳೆಯಾದರೆ ಸುತ್ತಲಿನ ಕೇರಿಯೆಲ್ಲ ಬಂದು ಕೂಡುವುದು. ಭಾಗವತರಿಗೂ ಅರ್ಥಧಾರಿಗಳಿಗೂ ಸಂಭಾವನೆ ಕೊಡುವವನು ಮನೆಯ ಯಜಮಾನ. ಕೇಳುವವರಿಗೆ ಕವಳದ ಬಟ್ಟಲು ಮುಂದಿರುವುದೇ ಹೊರತು ಚೀಟಿ ಕೇಳುವವರು ಯಾರೂ ಇಲ್ಲ. ಊರಿಗೊಂದು ಎರಡು ಮನೆಗಳಲ್ಲಿ ಮಾತ್ರ ರೇಡಿಯೋ, ಆಮೇಲೆ ದೂರದರ್ಶನ, ಇದ್ದ ಕಾಲದಲ್ಲಿಯೂ ಇದೇ ಪದ್ಧತಿಯು ನಡೆಯಿತು. ಸರಕಾರವೂ ಇದನ್ನು ಅರಿತಿತ್ತು. 1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನವನ್ನು ಮುಟ್ಟಿಸಿದಾಗ, ನಮ್ಮ ರಾಜ್ಯದ ಕಲಬುರ್ಗಿ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಇಟ್ಟುದು ಊರಿಗೆಲ್ಲ ಒಂದೇ ಯಂತ್ರ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದುದನ್ನು ನೆನೆದರೆ, ಈ ನಾಡಿನಲ್ಲಿ ಆಕಾಶವಾಣಿಯು ಹುಟ್ಟಿದುದೇ ಒಂದು ಮನೆಯ ಔದಾರ್ಯದಿಂದ ಎನ್ನಬೇಕು.

ಈಗ ಮೂರನೆಯ ಪ್ರಶ್ನೆ. ಸರಕಾರದ ಪರವಾನೆ ಹೋಯಿತು. ಪ್ರಸಾರ ಭಾರತಿಗೆ ಬೇಕಾದ ಹಣದ ಬಹುಭಾಗವು ನಾವೆಲ್ಲ ಕೊಡುವ ತೆರಿಗೆಯಿಂದಲೇ ಹೋಗುತ್ತದೆ. 2004ರಲ್ಲಿ ಆರಂಭವಾದ ದೂರದರ್ಶನದ ಉಚಿತ ಡಿಶ್ಶಿಗೆ ಮಾಸಿಕ ಶುಲ್ಕವೂ ಇಲ್ಲ. ಆದರೆ ಸರಕಾರವು ಬಿಟ್ಟುಕೊಟ್ಟ ಜಾಗದಲ್ಲಿ ಈಗ ವಿದೇಶೀ ಕಂಪನಿಗಳು ಬಂದು ಕುಳಿತಿವೆ. ಅಂತರ್ಜಾಲದ ಮೂಲಕ ಚಿತ್ರಗಳನ್ನು ತೋರಿಸುವ ನೆಟ್‌ಫ್ಲಿಕ್ಸ್ ಕಂಪನಿಯು 2023ರ ಜುಲೈಯಲ್ಲಿ ನಮ್ಮ ದೇಶಕ್ಕೂ ಒಂದು ನಿಯಮವನ್ನು ವಿಸ್ತರಿಸಿತು. ಒಂದು ಖಾತೆಯು ಒಂದೇ ಮನೆಯವರಿಗೆ. ಆ ಮನೆಯಲ್ಲಿ ಒಟ್ಟಾಗಿ ವಾಸಿಸುವವರು ಪ್ರವಾಸದಲ್ಲಿದ್ದಾಗಲೂ ನೋಡಬಹುದು. ಬೇರೆ ಮನೆಯವರು ಮಾತ್ರ ಬೇರೆ ಖಾತೆಯನ್ನು ತೆಗೆಯಬೇಕು ಎಂಬುದೇ ಆ ನಿಯಮ. ಯಾರು ಯಾವ ಮನೆಯವರೆಂಬುದನ್ನು ಕಂಪನಿಯು ಅಂತರ್ಜಾಲದ ಸಂಪರ್ಕ, ಯಂತ್ರಗಳ ಗುರುತು ಮೊದಲಾದ ಲಕ್ಷಣಗಳಿಂದ ನಿರ್ಣಯಿಸುತ್ತದೆ. ಅಂಚೆಕಚೇರಿಯ ತಪಾಸಣೆಯವನಾದರೋ ಬಾಗಿಲಿಗೆ ಬಂದು ಪುಸ್ತಕ ತೋರಿಸೆಂದು ಕೇಳುತ್ತಿದ್ದನು; ಈ ಹೊಸ ತಪಾಸಣೆಯವನು ಕಣ್ಣಿಗೆ ಕಾಣುವುದಿಲ್ಲ, ಅವನೊಡನೆ ವಾದಿಸುವಂತೆಯೂ ಇಲ್ಲ.

ಹೀಗಿರಲು ನಮ್ಮ ವಾಚಕರಲ್ಲಿ ಬಹುಮಂದಿಗೆ ಹಿತವಾಗದ ಒಂದು ಮಾತನ್ನು ಮೊದಲು ಹೇಳಿಬಿಡುತ್ತೇವೆ. ಬೆಂಗಳೂರಿನ ಮಗಳ ಗುಪ್ತಪದವನ್ನು ತಂದು ಮಾಗೋಡಿನ ಮನೆಯಲ್ಲಿ ವರ್ಷವಿಡೀ ನೋಡುವುದು ಅತಿಥಿಸತ್ಕಾರವಲ್ಲ. ಅಲ್ಲಿ ಅತಿಥಿಯೂ ಇಲ್ಲ, ಸತ್ಕಾರವೂ ಇಲ್ಲ. ತಾಳಮದ್ದಳೆಗೆ ಬಂದವನು ಯಜಮಾನನ ಜಗಲಿಗೆ ಬಂದು ಕುಳಿತನು. ಭಾಗವತರನ್ನು ಎತ್ತಿಕೊಂಡು ತನ್ನ ಮನೆಗೆ ಹೋಗಲಿಲ್ಲ. ಮಗಳ ಮನೆಗೆ ಹೋಗಿ ತಿಂಗಳುಗಟ್ಟಲೆ ನೋಡಿದರೂ ಯಾರೂ ಆಕ್ಷೇಪಿಸಲಾರರು. ಅದೇ ಖಾತೆಯನ್ನು ಚಿಕ್ಕಪ್ಪ, ಷಡ್ಡಕ, ಕಚೇರಿಯ ಜತೆಗಾರ ಎಂದು ಐದಾರು ಮನೆಗಳಿಗೆ ಹಂಚುವುದು, ಕರಾರಿಗೆ ಸಹಿಮಾಡಿ ಕರಾರನ್ನು ಮುರಿಯುವ ಕೆಲಸ. ಸರಕಾರದ ಹುದ್ದೆಗಳಲ್ಲಿದ್ದು ಇತರರಿಗೆ ನಿಯಮವನ್ನು ಬೋಧಿಸುವವರೇ ಇದನ್ನು ಜಾಣತನವೆಂದು ಹೇಳಿಕೊಳ್ಳುವುದನ್ನು ನಾವು ಕೇಳಿದ್ದೇವೆ. ವಿದೇಶೀ ಕಂಪನಿಯೆಂಬ ಕಾರಣದಿಂದ ಅಪ್ರಾಮಾಣಿಕತೆಯು ದೇಶಾಭಿಮಾನವಾಗಲಾರದು. ಅವರ ಸರಕು ಬೇಡವಾದರೆ ಬಿಡುವುದು ಸ್ವದೇಶಿ. ಬೇಕೆಂದು ತೆಗೆದುಕೊಂಡು ಬೆಲೆಯನ್ನು ತಪ್ಪಿಸುವುದು ಸ್ವದೇಶಿಯಲ್ಲ.

ಆದರೆ ಕಂಪನಿಗೂ ಒಂದು ಮಾತನ್ನು ಹೇಳಬೇಕಾಗಿದೆ. ಮನೆಯೆಂದರೇನು ಎಂಬುದನ್ನು ತಂತಿಯೂ ಯಂತ್ರವೂ ನಿರ್ಣಯಿಸಬೇಕಾಗಿಲ್ಲ. ಆ ನಿರ್ಣಯವು ನಮ್ಮ ದೇಶದಲ್ಲಿ ಆಗಿಹೋಗಿದೆ. ನಮ್ಮ ಜನಗಣತಿಯಲ್ಲಿ ಕುಟುಂಬವೆಂದರೆ, ಸಾಮಾನ್ಯವಾಗಿ ಒಟ್ಟಾಗಿ ವಾಸಿಸಿ ಒಂದೇ ಅಡುಗೆಮನೆಯಲ್ಲಿ ಉಣ್ಣುವವರು. ಉದ್ಯೋಗದ ನಿಮಿತ್ತ ಹೊರಗೆ ಉಣ್ಣಬೇಕಾಗಿ ಬಂದರೆ ಅಷ್ಟರಿಂದಲೇ ಅವರು ಹೊರಗಿನವರಾಗುವುದಿಲ್ಲ. ಒಲೆ ಬೇರೆಯಾದರೆ ಮನೆ ಬೇರೆ ಎಂದು ನಮ್ಮ ಹಿರಿಯರೂ ಹೇಳುತ್ತಿದ್ದುದು ಇದನ್ನೇ. ಈ ಅಳತೆಗೋಲಿನಿಂದ ನೋಡಿದರೆ ಬೇರೆ ಒಲೆ ಹೂಡಿದ ಮಗಳ ಮನೆಯು ಬೇರೆಯೇ ಸರಿ. ಅದನ್ನು ನಾವು ಒಪ್ಪಿದ್ದೇವೆ. ಆದರೆ ಆರು ತಿಂಗಳು ಹಿರಿಯ ಮಗನಲ್ಲಿಯೂ ಆರು ತಿಂಗಳು ಕಿರಿಯನಲ್ಲಿಯೂ ಇರುವ ತಾಯಿಯು ಎರಡೂ ಮನೆಗಳಿಗೆ ಸೇರಿದವಳು. ಧಾರವಾಡದ ವಸತಿಗೃಹದಲ್ಲಿ ಓದುತ್ತಿರುವ ಹುಡುಗನು ಇನ್ನೂ ತಂದೆಯ ಅಡುಗೆಮನೆಯವನು. ಗುಡ್ಡದ ಮರೆಯ ಮನೆಗೆ ತಂತಿಯ ಸಂಪರ್ಕವೇ ಬಾರದೆ, ಇವತ್ತು ಒಬ್ಬರ ನಾಳೆ ಇನ್ನೊಬ್ಬರ ಫೋನಿನಿಂದ ಅಂತರ್ಜಾಲವನ್ನು ಪಡೆಯುವ ಕುಟುಂಬವು, ಸಂಪರ್ಕವು ಬದಲಾಯಿತೆಂಬ ಮಾತ್ರಕ್ಕೆ ಎರಡು ಕುಟುಂಬವಾಗುವುದಿಲ್ಲ. ಇಂಗ್ಲೆಂಡಿನ ಕಾಯದೆಯು ವಿದ್ಯಾರ್ಥಿಗೆ ಬ್ಯಾಟರಿಯ ಮಟ್ಟಿನ ದಯೆಯನ್ನಾದರೂ ತೋರಿಸಿದೆ.

ಆದುದರಿಂದ ಕೇಂದ್ರ ಸರಕಾರದ ವಾರ್ತಾ ಮತ್ತು ಪ್ರಸಾರ ಮಂತ್ರಾಲಯಕ್ಕೆ ನಮ್ಮ ಸೂಚನೆಗಳು ಇವು. ಅಂತರ್ಜಾಲದ ಚಿತ್ರಪ್ರಸಾರವು ಆ ಮಂತ್ರಾಲಯದ ಕಕ್ಷೆಗೆ ಬಂದಿದೆ. ಇಂತಹ ಕಂಪನಿಗಳು ಕುಟುಂಬವೆಂಬ ಶಬ್ದವನ್ನು ಬಳಸುವಾಗ ಜನಗಣತಿಯ ಅರ್ಥವನ್ನೇ ಅಂಗೀಕರಿಸುವಂತೆ ಮಾಡಬೇಕು. ವಿದ್ಯಾರ್ಥಿಗಳನ್ನೂ, ಮಕ್ಕಳ ಮನೆಗಳಲ್ಲಿ ಸರದಿಯಿಂದ ಇರುವ ವೃದ್ಧರನ್ನೂ ಸ್ಪಷ್ಟವಾಗಿ ಒಳಗೆ ಸೇರಿಸಬೇಕು. ಖಾತೆಯನ್ನು ತಡೆಯುವ ಮೊದಲು ಗ್ರಾಹಕನ ಮಾತನ್ನು ಮನುಷ್ಯನೊಬ್ಬನು ಕೇಳುವ ಏರ್ಪಾಡಿರಬೇಕು. ಹಣವನ್ನು ಕನ್ನಡಿಗರಿಂದ ಪಡೆಯುವವರು ಕರಾರಿನ ನಿಯಮಗಳನ್ನು ಕನ್ನಡದಲ್ಲಿ, ಕನ್ನಡಶಾಲೆಯಲ್ಲಿ ಓದಿದವನಿಗೆ ತಿಳಿಯುವಂತೆ, ಮುದ್ರಿಸಬೇಕು. ಓದಲಾರದ ಕರಾರನ್ನು ಮುರಿದನೆಂದು ಯಾರನ್ನೂ ದೂಷಿಸುವುದು ನ್ಯಾಯವಲ್ಲ.

1933ರ ಕಾಯದೆಯ ಕಾಲವು ಮುಗಿಯಿತು. ಹಳೆಯ ತಂತಿ ಮತ್ತು ನಿಸ್ತಂತು ಕಾಯದೆಗಳ ಸ್ಥಾನದಲ್ಲಿ ನಿಲ್ಲಲೆಂದು 2023ರಲ್ಲಿ ದೂರಸಂಪರ್ಕ ಅಧಿನಿಯಮವು ರಚಿತವಾಗಿದೆ. ಕಾಯದೆಗಳು ಬದಲಾದರೂ ಅವುಗಳ ಹಿಂದಣ ನ್ಯಾಯವು ಒಂದೇ. ಶುಲ್ಕವನ್ನು ಯಜಮಾನನು ಕೊಡಲಿ, ನೆಂಟನನ್ನು ಯಾರೂ ಕೇಳದಿರಲಿ. ನೆಂಟನೆಂಬ ಹೆಸರಿನಲ್ಲಿ ಯಜಮಾನಿಕೆಯನ್ನು ಯಾರೂ ಕದಿಯದಿರಲಿ. ಮಾಗೋಡಿನ ನಮ್ಮ ವಾಚಕರು ಸುಖವಾಗಿ ಪ್ರಯಾಣಮಾಡಲಿ. ವಿಮಾನವನ್ನು ಹತ್ತುವ ಮೊದಲು ಮಗನಿಗೆ ಪತ್ರವನ್ನೋ ಫೋನನ್ನೋ ಮಾಡಿ, ಅವನು ತನ್ನ ಮನೆಯ ಪರವಾನೆಯನ್ನು ಪಡೆದಿರುವನೇ ಎಂಬುದನ್ನು ಮಾತ್ರ ಕೇಳಿಕೊಳ್ಳಲಿ. ಪಡೆದಿದ್ದರೆ ಅವರಿಗೆ ಬೇರೆ ಚಿಂತೆ ಬೇಡ. ಪಡೆಯದಿದ್ದರೆ ಪಡೆಯೆಂದು ಹೇಳುವುದು ತಂದೆಯ ಕರ್ತವ್ಯ.