ಡೀಸೆಲ್ಲು ಗಟ್ಟಿಯಾದರೆ ಡ್ರೈವರ್ ಏನು ಮಾಡಬೇಕು?

ಡಿಸೆಂಬರ್ ಬಂತೆಂದರೆ ನಮ್ಮ ತೊಂಡೇಬಾವಿ ಕಡೆ ಕೊಬ್ಬರಿ ಎಣ್ಣೆ ಬಾಟಲಿಗಳೆಲ್ಲ ಬಿಸಿಲಿಗೆ ಬಂದು ಕೂರುತ್ತವೆ. ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಅದು ಗಟ್ಟಿ, ಅಷ್ಟೇ. ಇದು ನಮಗೆಲ್ಲ ಗೊತ್ತು. ಆದರೆ ಡೀಸೆಲ್ಲೂ ಹೀಗೇ ಆಗುತ್ತೆ ಅಂದರೆ ನಮ್ಮೂರಲ್ಲಿ ಯಾರೂ ನಂಬೋದಿಲ್ಲ. ನಂಬದೇ ಇರೋದಕ್ಕೆ ಕಾರಣವೂ ಇದೆ ಬಿಡಿ. ಬೆಂಗಳೂರಿನ ಇತಿಹಾಸದಲ್ಲೇ ಅತಿ ಕಡಿಮೆ ಅಂತ ದಾಖಲಾಗಿರುವ ಉಷ್ಣಾಂಶ 1884ರ ಜನವರಿಯ 7.8 ಡಿಗ್ರಿ. ಅಂಥ ಚಳಿಯಲ್ಲೂ ನಮ್ಮ ಸಿಮೆಂಟ್ ಲಾರಿಗಳು ಒಂದೇ ಸೆಲ್ಫಿಗೆ ಹತ್ತಿಕೊಳ್ಳುತ್ತವೆ.

ಈ ವಿಷಯ ನನ್ನ ತಲೆಗೆ ಹತ್ತಿದ್ದು ನಮ್ಮ ದೊಡ್ಡಪ್ಪನ ಮಗನಿಂದ. ಚಿಂತಾಮಣಿ ಕಡೆಯಿಂದ ಟೊಮೆಟೊ ಹೇರಿಕೊಂಡು ಉತ್ತರಕ್ಕೆ ಹೋಗೋದು ಅವನ ಕೆಲಸ. ಒಂದು ಸಲ ದೆಹಲಿಯಲ್ಲಿ ಇಳಿಸಿದ ಮೇಲೆ ಖಾಲಿ ಬರೋದು ಬೇಡ ಅಂತ ಮಾಲೀಕರು ಕಾಶ್ಮೀರದ ಕಡೆಗೆ ಲೋಡು ಹಿಡಿದುಕೊಟ್ಟರಂತೆ. ಮೇಲೆ ಹತ್ತಿದ ಮಾರನೇ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲಿಲ್ಲ. "ಇಂಜಿನ್ ತಿರುಗ್ತದೆ ಕಣೋ, ಹತ್ಕೊಳ್ಳಲ್ಲ. ಫಿಲ್ಟರ್ ಬಿಚ್ಚಿ ನೋಡಿದ್ರೆ ಒಳಗೆ ಮೇಣದಂಗೆ ಕಟ್ಟಿತ್ತು" ಅಂದ. ಪಕ್ಕದ ಲಾರಿಯವನು ಗೋಣಿಚೀಲ ಸುತ್ತಿ, ಟ್ಯಾಂಕಿನ ಕೆಳಗೆ ಬೆಂಕಿ ಹಾಕಿಕೊಂಡು ಆರಾಮಾಗಿ ಬೀಡಿ ಸೇದುತ್ತಿದ್ದನಂತೆ! ನಮ್ಮಣ್ಣನಿಗೆ ಅಷ್ಟು ಧೈರ್ಯ ಬರಲಿಲ್ಲ, ಬಿಸಿಲು ಏರೋವರೆಗೂ ಕಾದ. ವಾಪಸ್ ಬಂದಾಗ ಮಾಲೀಕರು ಆ ದಿನದ ಬಾಟಾ ಹಿಡಿದುಕೊಂಡರು. ಡೀಸೆಲ್ ಗಟ್ಟಿಯಾಯ್ತು ಅಂದರೆ "ಕಥೆ ಹೇಳಬೇಡ" ಅಂದರಂತೆ.

ಅವನು ಹೇಳಿದ್ದು ಕಥೆಯಲ್ಲ. ಡೀಸೆಲ್ಲಿನಲ್ಲಿ ಪ್ಯಾರಾಫಿನ್ ಮೇಣ ಕರಗಿರುತ್ತೆ. ಬೇಡದ ಕಸ ಅಲ್ಲ ಅದು, ಚೆನ್ನಾಗಿ ಉರಿಯೋ ಭಾಗವೇ. ಚಳಿ ಹೆಚ್ಚಾದಂತೆ ಅದು ಸಣ್ಣ ಹರಳುಗಳಾಗಿ ಹೊರಬರುತ್ತೆ, ಡೀಸೆಲ್ ಮಸುಕಾಗುತ್ತೆ. ಇದು ಕ್ಲೌಡ್ ಪಾಯಿಂಟ್. ಇನ್ನೂ ತಣ್ಣಗಾದರೆ ಹರಳುಗಳು ಸೇರಿಕೊಂಡು ಫಿಲ್ಟರಿಗೆ ಅಡ್ಡ ಕೂರುತ್ತವೆ. ಕೊನೆಗೆ ಹರಿಯೋದೇ ನಿಲ್ಲುತ್ತೆ, ಅದು ಪೋರ್ ಪಾಯಿಂಟ್. ಡ್ರೈವರಿಗೆ ಮುಖ್ಯವಾದದ್ದು ನಡುವಿನದು, ಅಂದರೆ ಸಿಎಫ್‌ಪಿಪಿ. ಪ್ರಯೋಗಾಲಯದಲ್ಲಿ 20 ಮಿಲಿಲೀಟರ್ ಡೀಸೆಲ್ಲನ್ನು 45 ಮೈಕ್ರಾನ್ ಜಾಲರಿಯ ಮೂಲಕ ಎಳೀತಾರೆ, 60 ಸೆಕೆಂಡಿನಲ್ಲಿ ದಾಟದಿದ್ದರೆ ಆ ಉಷ್ಣಾಂಶಕ್ಕೆ ಅದು ಫೇಲು. ಟ್ಯಾಂಕಿನಲ್ಲಿ ಡೀಸೆಲ್ ಇನ್ನೂ ನೀರಿನಂತಿದ್ದರೂ ಗಾಡಿ ನಿಲ್ಲೋದು ಇದಕ್ಕೇ. ಓಡುತ್ತಿರುವಾಗ ಇಂಜಿನ್ನಿನಿಂದ ವಾಪಸ್ ಬರುವ ಬಿಸಿ ಡೀಸೆಲ್ ಟ್ಯಾಂಕನ್ನು ಸ್ವಲ್ಪ ಬೆಚ್ಚಗಿಡುತ್ತೆ. ರಾತ್ರಿ ನಿಲ್ಲಿಸಿದಾಗಲೇ ತಾಪತ್ರಯ.

ನಮ್ಮ ಭಾರತೀಯ ಮಾನಕ, ಐಎಸ್ 1460, ಇದನ್ನು ಕಂಡೇ ಇಲ್ಲ ಅಂತಲ್ಲ. ಅದರ ಪ್ರಕಾರ ಸಿಎಫ್‌ಪಿಪಿ ಚಳಿಗಾಲದಲ್ಲಿ 6 ಡಿಗ್ರಿ, ಬೇಸಿಗೆಯಲ್ಲಿ 18 ಡಿಗ್ರಿ ಮೀರಬಾರದು. 7.8ರ ಬೆಂಗಳೂರಿಗೆ 6 ಸಾಕು, ಸರಿ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿಯುವ ಲೇಹ್‌ಗೆ? ಅಲ್ಲಿನವರು ಎಷ್ಟೋ ಚಳಿಗಾಲಗಳನ್ನು ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸಿಕೊಂಡೇ ಕಳೆದರು. ಇಂಡಿಯನ್ ಆಯಿಲ್‌ನವರು ಮೈನಸ್ 33 ಡಿಗ್ರಿ ಪೋರ್ ಪಾಯಿಂಟಿನ ಚಳಿಗಾಲದ ಡೀಸೆಲ್ಲನ್ನು ಪಾಣಿಪತ್ ರಿಫೈನರಿಯಲ್ಲಿ ತಯಾರಿಸಿ ಲಡಾಖ್‌ಗೆ ಕಳಿಸಿದ್ದು 2019ರ ನವೆಂಬರಿನಲ್ಲಿ. ಮೇಣ ತೆಗೆಯೋ ವಿದ್ಯೆ ಅದಕ್ಕೂ ಎಷ್ಟೋ ದಶಕ ಹಳೆಯದು. ಇಷ್ಟು ತಡ ಯಾಕೆ ಅಂದರೆ, ಚಳಿ ಡ್ರೈವರಿನ ಸಮಸ್ಯೆ ಅಂತ ಎಲ್ಲರೂ ಒಪ್ಪಿಕೊಂಡು ಕೂತಿದ್ದರು ಅನ್ನೋದು ನನ್ನ ಅನಿಸಿಕೆ.

ನಾನು ಆನ್‌ಸೈಟ್ ಅಂತ ಒಂದು ಚಳಿಗಾಲ ಅಮೆರಿಕದ ಮಿನೆಸೋಟದಲ್ಲಿದ್ದೆ (ಮೂಗು ಇದೆಯೋ ಬಿದ್ದುಹೋಯಿತೋ ಅಂತ ಮುಟ್ಟಿ ನೋಡಿಕೊಳ್ಳೋ ಚಳಿ). ಅಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಡೀಸೆಲ್ಲಿಗೆ 20% ಬಯೋಡೀಸೆಲ್, ಅಕ್ಟೋಬರಿನಿಂದ ಮಾರ್ಚಿನವರೆಗೆ 5% ಮಾತ್ರ ಅಂತ ಕಾನೂನೇ ಇದೆ. ಜೊತೆಗೆ ಸೀಮೆಎಣ್ಣೆಯಂಥ ತೆಳುವಾದ ನಂಬರ್ 1 ಡೀಸೆಲ್ಲನ್ನು ಮಾರುವವರೇ ಬೆರೆಸಿ ಕೊಡ್ತಾರೆ. ಹಾಗಂತ ಅಲ್ಲಿ ಗಾಡಿ ನಿಲ್ಲೋದೇ ಇಲ್ಲ ಅಂತಲ್ಲ, ನಿಲ್ಲುತ್ತೆ. ಆದರೆ ನಿಂತರೆ "ಕಥೆ ಹೇಳಬೇಡ" ಅಂತ ಯಾರೂ ಅನ್ನೋದಿಲ್ಲ.

ಬಯೋಡೀಸೆಲ್ ಮಾತು ಬಂತಲ್ಲ, ಈ ಬರಹದ ನಿಜವಾದ ಜಗಳ ಅಲ್ಲೇ ಇರೋದು. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ 2030ಕ್ಕೆ ಡೀಸೆಲ್ಲಿನಲ್ಲಿ 5% ಬಯೋಡೀಸೆಲ್ ಇರಬೇಕು ಅನ್ನುತ್ತೆ. ನಾನು ಹೊಂಗೆಯ ಪಕ್ಷದವನು, ಮೊದಲೇ ಹೇಳಿಬಿಡ್ತೀನಿ :) ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಅವರು 1990ರ ದಶಕದ ಕೊನೆಯಲ್ಲಿ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದಲೇ ಜನರೇಟರ್ ಓಡಿಸಿ ಹೊಲಕ್ಕೆ ನೀರೆತ್ತಿ ತೋರಿಸಿದ್ದು ನಮ್ಮ ರಾಜ್ಯದ ಹೆಮ್ಮೆ. ಆದರೆ ಎಲ್ಲ ಬಯೋಡೀಸೆಲ್ಲೂ ಚಳಿಯಲ್ಲಿ ಒಂದೇ ಥರ ಇರೋದಿಲ್ಲ. ಹೊಂಗೆಯಲ್ಲಿ ಹೆಚ್ಚಿರೋದು ಓಲಿಯಿಕ್ ಆಮ್ಲ, ಅದರ ಎಸ್ಟರ್ ಕರಗೋದು ಸುಮಾರು ಮೈನಸ್ 20 ಡಿಗ್ರಿಯಲ್ಲಿ. ನಮ್ಮಲ್ಲಿ ಹೊರದೇಶದಿಂದ ತರಿಸಿ ಬಳಸಿಕೊಂಡು ಬಂದ ಪಾಮ್ ಸ್ಟಿಯರಿನ್‌ನಲ್ಲಿ ಪಾಲ್ಮಿಟಿಕ್ ಆಮ್ಲ ಜಾಸ್ತಿ, ಅದರ ಎಸ್ಟರ್ 30 ಡಿಗ್ರಿ ಹತ್ತಿರವೇ ಗಟ್ಟಿ. ಡೀಸೆಲ್ಲಿನಲ್ಲಿ ಕರಗಿ ತೆಳುವಾದಾಗ ಇಷ್ಟು ಕೆಟ್ಟದಾಗಿರೋಲ್ಲ, ನಿಜ. ಆದರೂ 5% ಅನ್ನುವ ಅಂಕಿ ಒಂದನ್ನೇ ಹಿಡಿದು, ಯಾವ ಎಣ್ಣೆಯ 5%, ಯಾವ ತಿಂಗಳಲ್ಲಿ, ಯಾವ ಊರಿಗೆ ಅಂತ ಕೇಳದೇ ಇದ್ದರೆ ಆ ಲೆಕ್ಕದ ಬಾಕಿ ಕಟ್ಟೋನು ಘಾಟಿಯಲ್ಲಿ ನಿಂತ ಡ್ರೈವರೇ. ನನ್ನ ಕೇಳಿದರೆ ಚಳಿ ಸೀಮೆಯ ಬಂಕುಗಳಲ್ಲಿ ದರದ ಬೋರ್ಡಿನ ಪಕ್ಕ "ಈ ಡೀಸೆಲ್ ಇಷ್ಟು ಡಿಗ್ರಿವರೆಗೆ" ಅಂತ ಒಂದು ಸಾಲು ಬರೆದಿರಬೇಕು. ಹಾಲಿನ ಪ್ಯಾಕೆಟ್ಟಿನ ಮೇಲೆ ಕೊಬ್ಬು ಎಷ್ಟು ಅಂತ ಬರೀತಾರಲ್ಲ, ಹಾಗೆ.

ಅಲ್ಲಿಯವರೆಗೆ? ಉತ್ತರಕ್ಕೆ ಲಾರಿ ಕಳಿಸುವ ಮನೆಗಳು ನಮ್ಮ ಕಡೆ ಸಾಕಷ್ಟಿವೆ, ಅವರಿಗೆ ಓದಿ ಹೇಳಿ. ಇಲ್ಲಿ ತುಂಬಿಸಿದ ಡೀಸೆಲ್ಲನ್ನೇ ಹೊತ್ತುಕೊಂಡು ಬೆಟ್ಟ ಹತ್ತಬೇಡಿ. ಕೆಳಗಡೆಯೇ ಅದನ್ನು ಮುಗಿಸುತ್ತಾ ಬಂದು ಚಳಿ ಊರಿನ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ. ಗಟ್ಟಿಯಾಗದಂತೆ ಹಾಕುವ ಔಷಧಿ ಸಿಗುತ್ತೆ. ಅದು ಮೇಣವನ್ನು ಕರಗಿಸೋದಿಲ್ಲ, ಹರಳುಗಳನ್ನು ಫಿಲ್ಟರ್ ದಾಟುವಷ್ಟು ಸಣ್ಣದಾಗಿಡುತ್ತೆ. ಹಾಗಾಗಿ ಡೀಸೆಲ್ ಬೆಚ್ಚಗಿರುವಾಗಲೇ ಹಾಕಬೇಕು, ಕಟ್ಟಿಕೊಂಡ ಮೇಲೆ ಸುರಿದರೆ ದುಡ್ಡು ದಂಡ. ಫಿಲ್ಟರಿನ ಕೆಳಗಿನ ನೀರನ್ನು ಸಂಜೆಯೇ ಇಳಿಸಿಬಿಡಿ, ಎಷ್ಟೋ ಸಲ ಹೆಪ್ಪುಗಟ್ಟೋದು ಆ ನೀರೇ, ಡೀಸೆಲ್ ಅಲ್ಲ. ಒಂದು ಹೊಸ ಫಿಲ್ಟರ್ ಕ್ಯಾಬಿನ್ನಿನಲ್ಲಿರಲಿ. ಕಟ್ಟಿಕೊಂಡರೆ ಫಿಲ್ಟರಿಗೆ ಬಟ್ಟೆ ಸುತ್ತಿ ಬಿಸಿನೀರು ಹಾಕಿ, ಬೆಂಕಿ ಬೇಡ.

ಸೀಮೆಎಣ್ಣೆ? ಹಳೇ ಗಾಡಿಗಳವರು ಈಗಲೂ ಅದನ್ನೇ ಹೇಳ್ತಾರೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಗಾಡಿಗಳ ಕಥೆಯೇ ಬೇರೆ. ಅವುಗಳ ಪಂಪಿಗೆ ಜಿಡ್ಡು ಕೊಡೋದು ಡೀಸೆಲ್ಲೇ. ಸೀಮೆಎಣ್ಣೆಯಲ್ಲಿ ಆ ಜಿಡ್ಡಿಲ್ಲ, ಪಂಪು, ಇಂಜೆಕ್ಟರ್ ಸವೆದರೆ ಒಂದು ಟ್ರಿಪ್ಪಿನ ಬಾಡಿಗೆಯಲ್ಲಿ ಮುಗಿಯೋ ಖರ್ಚಲ್ಲ. ಪೆಟ್ರೋಲ್ ಬೆರೆಸೋರೂ ಇದ್ದಾರೆ, ಅದಂತೂ ಟ್ಯಾಂಕಿನಲ್ಲಿ ಪಟಾಕಿ ಇಟ್ಟುಕೊಂಡಂತೆ.

ನಮ್ಮಣ್ಣನಿಗೆ ಇದನ್ನೆಲ್ಲ ಪ್ರಿಂಟ್ ತೆಗೆದು ಕೊಟ್ಟಿದ್ದೀನಿ. ಓದಿ, "ಇದನ್ನ ನಮ್ ಸಾವ್ಕಾರ್‌ಗೂ ಒಂದು ಕೊಡು" ಅಂದ. ಕೊಡೋಕೆ ಹೋಗಬೇಕು, ಬರುವ ಭಾನುವಾರ. ನಿಮ್ಮಲ್ಲಿ ಯಾರ ಮನೆಯವರಾದರೂ ಆ ಕಡೆ ಗಾಡಿ ಓಡಿಸಿದ್ದರೆ, ಅವರು ಏನು ಮಾಡಿದರು ಅಂತ ಬರೀರಿ. ಗೋಣಿಚೀಲದ ಬೆಂಕಿಯವರೂ ಬರೆಯಬಹುದು, ಬೈಯೋದಿಲ್ಲ :)