ಅಪಾರ್ಟ್‌ಮೆಂಟಿನ ಪೊರಕೆ ಯಾರ ಕೈಯಲ್ಲಿರಬೇಕು?

ವಿಷಯ: ಬೆಂಗಳೂರಿನ ವಸತಿ ಸಮುಚ್ಚಯಗಳಲ್ಲಿ ಸ್ವಚ್ಛತೆ ಮತ್ತು ದುರಸ್ತಿಯ ಕೆಲಸಕ್ಕೆ ನಿವಾಸಿಗಳ ಸಂಘವು ಏಜೆನ್ಸಿಗೆ ಗುತ್ತಿಗೆ ಕೊಡದೆ ತನ್ನದೇ ಸಿಬ್ಬಂದಿಯನ್ನು ಇರಿಸಿಕೊಳ್ಳಬೇಕು.

ಪರ
(ಸಂಘವೊಂದರ ಮಾಜಿ ಕಾರ್ಯದರ್ಶಿ)

ಕಳೆದ ಮಳೆಗಾಲದ ಒಂದು ರಾತ್ರಿ, ಹನ್ನೊಂದು ಗಂಟೆಯ ಸುಮಾರಿಗೆ, ನಮ್ಮ ಮೂರನೆಯ ಬ್ಲಾಕಿನ ನೀರಿನ ದೊಡ್ಡ ಕೊಳವೆಯೊಡೆದು ಮೆಟ್ಟಿಲುಗಳ ಮೇಲೆ ಹೊಳೆಯೇ ಇಳಿಯತೊಡಗಿದಾಗ, ಏಜೆನ್ಸಿಯವರು ಆ ವಾರವಷ್ಟೇ ಕಳುಹಿಸಿದ್ದ ಪ್ಲಂಬರನು, ಬಿಲ್ಡರು ಬಿಟ್ಟುಹೋದ ನಕ್ಷೆಯನ್ನು ಮೊಬೈಲಿನ ಬೆಳಕಿನಲ್ಲಿ ಹಿಡಿದುಕೊಂಡು, ವಾಲ್ವು ಇರತಕ್ಕ ಜಾಗದಲ್ಲಿ ಅದಕ್ಕಾಗಿ ಮುಕ್ಕಾಲು ಗಂಟೆ ತಡಕಾಡಿದನು. ವಾಲ್ವು ಅಲ್ಲಿರಲಿಲ್ಲ. ಕಡೆಗೆ, ಎರಡು ವರ್ಷಗಳ ಹಿಂದೆ ನಾವೇ ಕೆಲಸದಿಂದ ಬಿಡಿಸಿದ್ದ ಹಳೆಯ ಪ್ಲಂಬರನಿಗೆ ನಾಚಿಕೆ ನುಂಗಿಕೊಂಡು ಫೋನು ಮಾಡಿದೆವು. ಆತನು ಬಂದವನೇ, ಯಾರನ್ನೂ ಏನನ್ನೂ ಕೇಳದೆ, ಜನರೇಟರು ಕೋಣೆಯ ಹಿಂದಣ ದಾಸವಾಳದ ಕುಂಡವನ್ನು ಸರಿಸಿ, ಅದರಡಿಯ ಚಪ್ಪಡಿಯನ್ನೆತ್ತಿ, ತೋಳನ್ನು ಭುಜದವರೆಗೂ ಇಳಿಬಿಟ್ಟು ತಿರುಗಿಸಿದನು, ನೀರು ನಿಂತಿತು. “ಇದಕ್ಕಿಂತ ಬಿಗಿ ಮಾಡ್ಬೇಡಿ ಸಾರ್, ಸ್ಪಿಂಡಲ್ ಸವೆದಿದೆ” ಎಂದು ಹೇಳಿ, ಕೊಟ್ಟ ಹಣದಲ್ಲಿ ಆಟೋ ಬಾಡಿಗೆಯಷ್ಟನ್ನೇ ಇಟ್ಟುಕೊಂಡು ಹೊರಟುಹೋದನು.

ಆ ವಾಲ್ವು ನಕ್ಷೆಯಲ್ಲಿಲ್ಲ, ಏಜೆನ್ಸಿಯ ಕರಾರುಪತ್ರದಲ್ಲಿಯೂ ಇಲ್ಲ. ಒಬ್ಬ ಮನುಷ್ಯನ ತಲೆಯಲ್ಲಿ ಮಾತ್ರ ಇದ್ದಿತು. ಯಾವ ಸಂಪಿಗೆ ಕಾವೇರಿ ನೀರು ಯಾವ ಹೊತ್ತಿನಲ್ಲಿ ಬೀಳುತ್ತದೆ, ಬೋರ್‌ವೆಲ್ಲಿನ ಗಡಸು ನೀರು ಯಾವ ಕೊಳವೆಯಲ್ಲಿ ಸುಣ್ಣ ಕಟ್ಟಿಸುತ್ತದೆ, ಟ್ಯಾಂಕರಿನವನು ಪೂರ್ತಿ ಸುರಿದೆನೆಂದು ಹೇಳಿ ಎಷ್ಟನ್ನು ಉಳಿಸಿಕೊಂಡು ಹೋಗುತ್ತಾನೆ, ಯಾವ ಮನೆಯ ಬಾಲ್ಕನಿಯ ಮೋರಿ ಕಟ್ಟಿದರೆ ಕೆಳಮನೆಯ ಯಾವ ಗೋಡೆ ಒದ್ದೆಯಾಗುತ್ತದೆ ಎಂಬಿವೆಲ್ಲವೂ ವರ್ಷಾನುವರ್ಷ ಅದೇ ಅಂಗಳದಲ್ಲಿ ಓಡಾಡಿದವನಿಗಲ್ಲದೆ ಅನ್ಯರಿಗೆ ದುರ್ಲಭವಾದ ಜ್ಞಾನ. ಆರು ತಿಂಗಳಿಗೊಮ್ಮೆ ಆಳನ್ನು ಬದಲಿಸುವ ವ್ಯವಸ್ಥೆಯು ಈ ಜ್ಞಾನವನ್ನು ಆರು ತಿಂಗಳಿಗೊಮ್ಮೆ ಗೇಟಿನಾಚೆ ಕಳುಹಿಸಿಕೊಡುತ್ತದೆ.

ಗುತ್ತಿಗೆಯಲ್ಲಿ ಹಣ ಉಳಿಯುತ್ತದೆಂಬ ಮಾತನ್ನು ಪ್ರತಿ ಮಹಾಸಭೆಯಲ್ಲಿಯೂ ಕೇಳುತ್ತೇವೆ. ನೋಂದಾಯಿತ ಏಜೆನ್ಸಿಯ ಬಿಲ್ಲಿನಲ್ಲಿ ಸಂಬಳವುಂಟು, ಸಂಬಳದ ಮೇಲೆ ಸರ್ವಿಸ್ ಚಾರ್ಜು ಉಂಟು, ಎರಡನ್ನೂ ಕೂಡಿಸಿದ ಮೊತ್ತದ ಮೇಲೆ ಶೇಕಡ 18ರ ಜಿಎಸ್‌ಟಿಯುಂಟು. ಸಂಘವು ತನ್ನ ನೌಕರನಿಗೆ ಕೊಡುವ ಸಂಬಳದ ಮೇಲಾದರೋ ಆ ತೆರಿಗೆಯೇ ಇಲ್ಲ. ಸಂಬಳದ ಬಾಬು ತಿಂಗಳಿಗೆ 2 ಲಕ್ಷವಾದರೆ, ಅದಕ್ಕೆ ತೆರುವ ತೆರಿಗೆಯೊಂದೇ 36,000 ರೂಪಾಯಿ. ಇಷ್ಟರ ಮೇಲೂ ಗುತ್ತಿಗೆ ಅಗ್ಗವಾಗಿ ಕಂಡರೆ, ಆ ಅಗ್ಗವು ಯಾರ ಊಟದ ತಟ್ಟೆಯಿಂದ ಬಂದಿತೆಂದು ಕೇಳಬೇಡವೇ?

ನಮ್ಮಲ್ಲಿ ಮೆಟ್ಟಿಲು ಒರೆಸುವ ಒಬ್ಬಾಕೆ ಇದ್ದಾಳೆ. ಒಂಬತ್ತು ವರ್ಷಗಳಿಂದ ಅದೇ ಮೆಟ್ಟಿಲು, ಅದೇ ಬಕೆಟ್ಟು. ಆಕೆಯ ಸಮವಸ್ತ್ರದ ಬಣ್ಣ ಮಾತ್ರ ಮೊದಲು ನೀಲಿ, ಆಮೇಲೆ ಹಸಿರು, ಈಗ ಕಂದು. ಗ್ರ್ಯಾಚುಟಿಗೆ ಐದು ವರ್ಷಗಳ ಎಡೆಬಿಡದ ಸೇವೆ ಬೇಕೆಂಬುದು 1972ರ ಕಾಯಿದೆಯ ಕಾಲದಿಂದ ಎಲ್ಲರಿಗೂ ತಿಳಿದ ಮಾತಷ್ಟೆ. ಏಜೆನ್ಸಿ ಬದಲಾದಾಗಲೆಲ್ಲ ಆಕೆಯ ಸೇವೆಯು ಕಾಗದದಲ್ಲಿ ಮೊದಲ ದಿನಕ್ಕೆ ಮರಳಿ, ಒಂಬತ್ತು ವರ್ಷ ದುಡಿದರೂ ಆಕೆಗೆ ಐದು ವರ್ಷ ತುಂಬಿಯೇ ಇಲ್ಲ. ನಗರದ ಬೀದಿಗಳನ್ನು ಗುಡಿಸುವ ಪೌರಕಾರ್ಮಿಕರನ್ನು ಗುತ್ತಿಗೆದಾರರ ಕೈಯಿಂದ ಬಿಡಿಸಿ ನೇರ ವೇತನಕ್ಕೆ ತಂದು, 2025ರಲ್ಲಿ 12,000ಕ್ಕೂ ಹೆಚ್ಚು ಮಂದಿಗೆ ಕಾಯಂ ನೇಮಕದ ಪತ್ರ ಕೊಟ್ಟಾಗ ನಮ್ಮ ನಿವಾಸಿಗಳೆಲ್ಲ ಮೆಚ್ಚಿ ಮಾತಾಡಿದರು. ಗೇಟಿನ ಹೊರಗೆ ಮೆಚ್ಚಿಗೆಯಾದದ್ದು ಗೇಟಿನ ಒಳಗೆ ಏಕಾಗದೋ ನಾನರಿಯೆ.

ಸ್ವಂತ ಆಳುಗಳು ಸೋಮಾರಿಗಳಾಗುತ್ತಾರೆಂಬುದು ಆಳಲು ಬಾರದವರ ಮಾತು. ಇನ್ನು ಲಿಫ್ಟಿನ ವಿಚಾರವೋ, ಮಾಡಿದ ಕಂಪನಿಯವರೇ ನೋಡಿಕೊಳ್ಳಲಿ. ಜನರೇಟರೂ ಹಾಗೆಯೇ. ಕೊಳಚೆನೀರನ್ನು ಶುದ್ಧೀಕರಿಸುವ ಎಸ್‌ಟಿಪಿಯನ್ನು ಬಲ್ಲವರಿಗೆ ವಹಿಸುವುದಕ್ಕೂ ನನ್ನ ಅಡ್ಡಿಯಿಲ್ಲ. ಉಳಿದುದೆಲ್ಲವೂ ನಮ್ಮದಾಗಿರಬೇಕು.

ವಿರೋಧ
(ಮತ್ತೊಂದು ಸಂಘದ ಖಜಾಂಚಿ)

ಎರಡು ದಿನಗಳೊಳಗೆ ಬರೆದುಕೊಡಬೇಕೆಂದು ಸಂಪಾದಕರು ಕೇಳಿದುದರಿಂದ, ನನಗೆ ತೋರಿದ ಅಂಶಗಳನ್ನು ಕ್ರಮವಾಗಿ ನಿವೇದಿಸುತ್ತೇನೆ.

ಮೊದಲನೆಯದು, ಬದಲಿ ಆಳಿನ ಪ್ರಶ್ನೆ. ಯುಗಾದಿ ಕಳೆದ ವಾರದಲ್ಲಿ ನಾಲ್ವರು ಊರಿನಿಂದ ಮರಳದಿದ್ದರೆ, ಏಜೆನ್ಸಿಯಾದರೆ ಬೇರೆ ಕಡೆಯಿಂದ ಇಬ್ಬರನ್ನಾದರೂ ಕಳುಹಿಸುತ್ತದೆ. ಸ್ವಂತ ಸಿಬ್ಬಂದಿಯಾದರೆ ಕಾರ್ಯದರ್ಶಿಯೇ ಕಸದ ಬುಟ್ಟಿಗಳನ್ನು ಎಣಿಸುತ್ತ ನಿಲ್ಲಬೇಕಾಗುತ್ತದೆ. ಕಳುಹಿಸಿದ ಇಬ್ಬರಿಗೆ ಹಸಿ ಕಸ, ಒಣ ಕಸಗಳ ಭೇದ ತಿಳಿಯುವಷ್ಟರಲ್ಲಿ ಹಬ್ಬದ ರಜೆ ಮುಗಿದಿರುತ್ತದೆಂಬುದೂ ನಿಜ.

ಎರಡನೆಯದು ಲೆಕ್ಕಪತ್ರ. ನೌಕರರ ಸಂಖ್ಯೆ 20ನ್ನು ಮುಟ್ಟಿದರೆ ಭವಿಷ್ಯನಿಧಿಯ ಬಾಧ್ಯತೆ ಬರುತ್ತದೆ. ಪ್ರತಿ ತಿಂಗಳೂ 15ರೊಳಗೆ ಹಿಂದಿನ ತಿಂಗಳ ವಂತಿಗೆಯನ್ನು ಕಟ್ಟಬೇಕು. ನಾನು ಹಗಲು ಒಂದು ಕಚೇರಿಯಲ್ಲಿ ದುಡಿದು, ರಾತ್ರಿ ಊಟವಾದ ಮೇಲೆ ಸಂಘದ ಲೆಕ್ಕ ಬರೆಯುವವನು. ಗೌರವ ಹುದ್ದೆಯವನಿಂದ ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಬಾರದು. ಗುತ್ತಿಗೆದಾರನು ಕಟ್ಟದೆ ಹೋದರೆ ಹೊಣೆ ಕಡೆಗೆ ನಮ್ಮ ತಲೆಗೇ ಬರುತ್ತದೆಯಲ್ಲವೇ ಎಂದು ಕೇಳುವವರಿದ್ದಾರೆ. ಕೂಲಿಯ ಮಟ್ಟಿಗೆ ಆ ತತ್ತ್ವವು 1970ರ ಗುತ್ತಿಗೆ ಕಾರ್ಮಿಕ ಕಾಯಿದೆಯಲ್ಲಿಯೇ ಇದ್ದಿತು. ಆದಕಾರಣ ನಾನು ಪ್ರತಿ ತಿಂಗಳೂ ಏಜೆನ್ಸಿಯಿಂದ ಚಲನ್ ತರಿಸಿ, ಒಂದೊಂದು ಹೆಸರನ್ನೂ ಹಾಜರಿ ಪುಸ್ತಕಕ್ಕೆ ತಾಳೆ ನೋಡುತ್ತೇನೆ. ಇದಕ್ಕೂ ರಾತ್ರಿ ಎರಡು ಗಂಟೆ ಹಿಡಿಯುತ್ತದೆ.

ಮೂರನೆಯದಾಗಿ, ಸ್ವಂತ ತೋಟಗಾರನು ಬಲುಬೇಗ ಅಧ್ಯಕ್ಷರ ಮನೆಯ ತೋಟಗಾರನಾಗುತ್ತಾನೆ. ಇದನ್ನು ವಿಸ್ತರಿಸುವುದು ಬೇಡ.

ನಾಲ್ಕನೆಯದನ್ನು ಮಾತ್ರ ನಾನು ಮನಸ್ಸಿಟ್ಟು ಹೇಳಬೇಕಾಗಿದೆ. ಒಳಚರಂಡಿಗೂ ಮಲದ ಗುಂಡಿಗೂ ರಕ್ಷಣೆಯಿಲ್ಲದೆ ಮನುಷ್ಯನನ್ನು ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ; ಅಂತಹ ಸಾವಿಗೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟು 2023ರಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದೆ. ಹೀಗಿದ್ದರೂ, ಎಸ್‌ಟಿಪಿಯ ತೊಟ್ಟಿಯಲ್ಲಿ ಪಂಪು ಕಟ್ಟಿಕೊಂಡ ಭಾನುವಾರದ ಬೆಳಿಗ್ಗೆ, ಕೈಗೆಟಕುವ ದೂರದಲ್ಲಿ ನಮ್ಮದೇ ಆಳೊಬ್ಬನು ನಿಂತಿದ್ದರೆ, “ಸ್ವಲ್ಪ ಇಳಿದು ನೋಡಪ್ಪ” ಎಂಬ ಮಾತು ಯಾರದಾದರೂ ಬಾಯಿಂದ ಬಂದೇ ಬರುತ್ತದೆ. ಅವನೂ, ದಿನವೂ ಮುಖ ನೋಡುವವರಿಗೆ ಆಗದೆಂದು ಹೇಳಲಾರದೆ, ಲುಂಗಿ ಎತ್ತಿಕಟ್ಟುತ್ತಾನೆ. ಅಲ್ಲಿಯ ವಿಷವಾಯು ಅವನ ಸೇವಾವಧಿಯನ್ನು ಕೇಳುವುದಿಲ್ಲ. ನಮ್ಮಲ್ಲಿ ಒಮ್ಮೆ ಹಾಗೆ ಮೊಣಕಾಲುಮಟ ಇಳಿದವನನ್ನು ನಾನೇ ರಟ್ಟೆ ಹಿಡಿದು ಮೇಲಕ್ಕೆಳೆದೆನು. ಯಂತ್ರದೊಡನೆ ಬರುವ ಪರಿಣತ ಗುತ್ತಿಗೆದಾರನಿಗೆ ಆ ಕೆಲಸವನ್ನು ವಹಿಸಬೇಕೆಂದು ನಾನು ಅಂದೇ ನಿಶ್ಚಯಿಸಿದೆನು. ಯಂತ್ರವಿಲ್ಲದೆ ಬರುವ ಗುತ್ತಿಗೆದಾರರೂ ಉಂಟು. ಅಂಥವರನ್ನು ಗೇಟಿನಲ್ಲಿಯೇ ತಡೆಯತಕ್ಕದ್ದು.

ಪ್ರತಿಪಕ್ಷದವರ ಪ್ಲಂಬರನ ಕಥೆಗೆ ಉತ್ತರವೇನೆಂದು ಸಂಪಾದಕರು ಕೇಳಿದ್ದಾರೆ. ವಾಲ್ವುಗಳಿಗೆಲ್ಲ ನಂಬರು ಬರೆದು ಪಟ್ಟಿಯೊಂದನ್ನು ಗೋಡೆಗೆ ಅಂಟಿಸಿದರೆ ಸಾಕೆಂಬುದು ನನ್ನ ಅಭಿಪ್ರಾಯ. ನಾವು ಅಂತಹ ಪಟ್ಟಿಯನ್ನು ಮಾಡಿದೆವು. ಅದನ್ನು ಬರೆಯಿಸಿದವನು ನಮ್ಮ ಎಲೆಕ್ಟ್ರಿಷಿಯನ್. ಬಿಲ್ಡರನ ಕಾಲದಿಂದ ಇರುವವನು, ಸಂಘದಿಂದಲೇ ಸಂಬಳ ಪಡೆಯುವವನು. ಮಿಕ್ಕವರನ್ನೆಲ್ಲ ಏಜೆನ್ಸಿಗೆ ವಹಿಸಿದಾಗ ಅವನನ್ನೂ ತಮ್ಮ ಪಟ್ಟಿಗೆ ಸೇರಿಸಿಕೊಳ್ಳುತ್ತೇವೆಂದು ಏಜೆನ್ಸಿಯವರು ಎರಡು ಬಾರಿ ಕೇಳಿದರು. ನಾವು ಕೊಡಲಿಲ್ಲ.