ಕಾರಿನ ಧ್ವನಿವ್ಯವಸ್ಥೆಯ ವಿದ್ಯುತ್ ದೋಷ: ಪರೀಕ್ಷೆಗೂ ಒಂದು ಬೆಲೆ ಇರಲಿ

ವಿಜಯಪುರದಿಂದ ಪಶ್ಚಿಮಕ್ಕೆ, ತಿಕೋಟಾ ಮಾರ್ಗವಾಗಿ ಅಥಣಿಯತ್ತ ಸಾಗುವ ರಸ್ತೆಯಲ್ಲಿರುವ ತೊರವಿಗೆ ಸಂಗೀತದ ನಂಟು ಹಳೆಯದು. ಎರಡನೆಯ ಇಬ್ರಾಹಿಂ ಆದಿಲ್‌ಶಾಹನು 1599ರಲ್ಲಿ ನವರಸಪುರವೆಂಬ ಹೊಸ ನಗರದ ನಿರ್ಮಾಣಕ್ಕೆ ಕೈಹಾಕಿದ್ದು ಇದೇ ಪರಿಸರದಲ್ಲಿ. ಸಂಗೀತ ಮಹಲಿನ ಅವಶೇಷಗಳು ಇಂದಿಗೂ ಅದಕ್ಕೆ ಸಾಕ್ಷಿಯಾಗಿ ನಿಂತಿವೆ. ಈಗ ಆ ರಸ್ತೆಯಲ್ಲಿ ಓಡಾಡುವ ಕಾರು, ಜೀಪುಗಳೊಳಗೂ ಸಂಗೀತವಿದೆ. ವಚನ, ಭಜನೆ, ಚಲನಚಿತ್ರ ಗೀತೆಗಳನ್ನು ಕೇಳದೆ ಪ್ರಯಾಣ ಹೊರಡುವವರು ವಿರಳ. ತಿಕೋಟಾ ಮತ್ತು ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರು, ಒಣದ್ರಾಕ್ಷಿ ವರ್ತಕರು, ನಗರದ ನೌಕರರು ಹಾಗೂ ಬಾಡಿಗೆ ವಾಹನಗಳ ಮಾಲೀಕರು ಇವರೆಲ್ಲರನ್ನು ನಂಬಿ ಕಾರ್ ಸ್ಟೀರಿಯೋ ಮಾರಾಟ, ಜೋಡಣೆ ಮತ್ತು ದುರಸ್ತಿಯ ಒಂದು ಸಣ್ಣ ಉದ್ಯಮವೇ ಬೆಳೆದು ನಿಂತಿದೆ.

ಆದರೆ ಈ ಉದ್ಯಮದಲ್ಲಿ ಒಂದು ದೌರ್ಬಲ್ಯ ಬಹುಕಾಲದಿಂದ ಉಳಿದುಬಂದಿದೆ. ಸೆಟ್ ಮಾರುವುದರಲ್ಲಿ ತೋರುವ ಉತ್ಸಾಹವು ದೋಷವನ್ನು ಪತ್ತೆಹಚ್ಚುವುದರಲ್ಲಿ ಕಾಣುವುದಿಲ್ಲ. ಧ್ವನಿ ಬಾರದಿದ್ದರೆ ಸ್ಪೀಕರ್ ಬದಲಿಸುವುದು, ಬ್ಯಾಟರಿ ಇಳಿದರೆ ಬ್ಯಾಟರಿ ಮಾರುವುದು, ಫ್ಯೂಸ್ ಹಾರಿದರೆ ಇನ್ನಷ್ಟು ದೊಡ್ಡ ಫ್ಯೂಸ್ ಹಾಕುವುದು ಅನೇಕ ಕಡೆ ರೂಢಿಯಾಗಿಬಿಟ್ಟಿದೆ. ಇದರಿಂದ ಗ್ರಾಹಕನಿಗೆ ನಷ್ಟ, ಅಂಗಡಿಯ ಹೆಸರಿಗೆ ಕಳಂಕ ಮತ್ತು ಕೆಲವೊಮ್ಮೆ ವಾಹನಕ್ಕೆ ಬೆಂಕಿಯ ಅಪಾಯ ಉಂಟಾಗುತ್ತದೆ. ಈ ರೂಢಿಗೆ ಕುಶಲಕರ್ಮಿಗಳ ಅಜ್ಞಾನವೊಂದೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಇದರ ಮೂಲವು ವ್ಯಾಪಾರದ ಲೆಕ್ಕಾಚಾರದಲ್ಲಿಯೇ ಇದೆ.

ತಪ್ಪು ಲೆಕ್ಕದ ಒಂದು ಉದಾಹರಣೆ

ತಿಕೋಟಾ ಕಡೆಯ ಬೆಳೆಗಾರರೊಬ್ಬರ ಕಾರನ್ನು ಉದಾಹರಣೆಯಾಗಿ ಭಾವಿಸಬಹುದು. ವಾಹನವು ನಾಲ್ಕು ದಿನ ನಿಂತರೆ ಐದನೆಯ ದಿನ ಚಾಲೂ ಆಗುವುದಿಲ್ಲ. ಬ್ಯಾಟರಿ ಹಳೆಯದೆಂದು ಹೇಳಿ ಹೊಸದನ್ನು ಹಾಕಲಾಗುತ್ತದೆ. ನಿತ್ಯ ಓಡಾಟವಿರುವವರೆಗೆ ತೊಂದರೆಯಿಲ್ಲ. ಮತ್ತೆ ನಾಲ್ಕು ದಿನ ಕಾರು ನಿಂತೊಡನೆ ಹೊಸ ಬ್ಯಾಟರಿಯೂ ಬರಿದಾಗುತ್ತದೆ. ಇಲ್ಲಿ ದೋಷವಿದ್ದದ್ದು ಸ್ಟೀರಿಯೋ ಜೋಡಣೆಯಲ್ಲಿ. ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ ಪಡೆಯಬೇಕಾದ ಕೆಂಪು ತಂತಿಯನ್ನು, ಸದಾ ವಿದ್ಯುತ್ ಇರುವ ಹಳದಿ ತಂತಿಯೊಂದಿಗೆ ಹೆಣೆದು ಟೇಪು ಸುತ್ತಲಾಗಿತ್ತು. ಇದರಿಂದ ಕೀಲಿ ತೆಗೆದ ನಂತರವೂ ಸೆಟ್ ಮತ್ತು ಆಂಪ್ಲಿಫೈಯರ್ ಎಚ್ಚರವಾಗಿಯೇ ಇದ್ದವು.

ಹೀಗೆ ಸೋರುವ ವಿದ್ಯುತ್ 0.4 ಆಂಪಿಯರ್ ಎಂದು ಇಟ್ಟುಕೊಂಡರೆ, ದಿನವೊಂದಕ್ಕೆ 9.6 ಆಂಪಿಯರ್-ಗಂಟೆ, ನಾಲ್ಕು ದಿನಕ್ಕೆ 38.4 ಆಂಪಿಯರ್-ಗಂಟೆ ಖರ್ಚಾಗುತ್ತದೆ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿರುವ 35 ಆಂಪಿಯರ್-ಗಂಟೆಯ ಬ್ಯಾಟರಿ ಅಷ್ಟರಲ್ಲಿ ಖಾಲಿ. ಸುಸ್ಥಿತಿಯ ಕಾರು ನಿಂತಿರುವಾಗ ಈ ಸೋರಿಕೆ ಸಾಮಾನ್ಯವಾಗಿ 0.05 ಆಂಪಿಯರ್ ಮೀರಬಾರದು. ಮೀಟರನ್ನು ಬ್ಯಾಟರಿಯ ನೆಗೆಟಿವ್ ತಂತಿಯ ಸಾಲಿನಲ್ಲಿ ಜೋಡಿಸಿ, ವಾಹನದ ವಿದ್ಯುನ್ಮಾನ ಘಟಕಗಳು ವಿಶ್ರಾಂತಿಗೆ ಇಳಿಯುವವರೆಗೆ ಅರ್ಧ ಗಂಟೆ ಕಾದು, ಅನಂತರ ಫ್ಯೂಸುಗಳನ್ನು ಒಂದೊಂದಾಗಿ ತೆಗೆದು ನೋಡಿದ್ದರೆ ದೋಷವು ತಾನಾಗಿಯೇ ಬೆಳಕಿಗೆ ಬರುತ್ತಿತ್ತು. ಮೀಟರಿನ ಅಂಕಿ ಯಾವ ಫ್ಯೂಸಿಗೆ ಇಳಿಯುವುದೋ ಆ ಸಾಲಿನಲ್ಲಿಯೇ ದೋಷ.

ಈ ಕೆಲಸಕ್ಕೆ ಒಂದು ಗಂಟೆ ಬೇಕು. ಆ ಗಂಟೆಯ ಹಣವನ್ನು ಯಾರು ಕೊಡುತ್ತಾರೆ? ಪ್ರಶ್ನೆಯ ಗಂಟು ಇರುವುದು ಇಲ್ಲಿಯೇ. ಬ್ಯಾಟರಿ ಮಾರಿದರೆ ಅಂಗಡಿಗೆ ಲಾಭಾಂಶ ದೊರೆಯುತ್ತದೆ. ಹತ್ತು ರೂಪಾಯಿಯ ತಂತಿಯನ್ನು ಸರಿಯಾದ ಸ್ಥಳಕ್ಕೆ ಜೋಡಿಸಿ ನೂರಾರು ರೂಪಾಯಿ ಕೇಳಿದರೆ ಗಿರಾಕಿ ಹುಬ್ಬೇರಿಸುತ್ತಾನೆ. ವಸ್ತುವಿಗೆ ಮಾತ್ರ ಬೆಲೆಯಿದ್ದು ಬುದ್ಧಿಗೆ ಬೆಲೆಯಿಲ್ಲದ ಕಡೆ ಕುಶಲಕರ್ಮಿಯು ವಸ್ತುವನ್ನೇ ಮಾರುವನು. ಅವನನ್ನು ದೂಷಿಸುವ ಮೊದಲು ಈ ಪದ್ಧತಿಯನ್ನು ತಿದ್ದಬೇಕಾಗಿದೆ.

ಕ್ರಮಬದ್ಧ ಪರೀಕ್ಷೆ ಎಂದರೇನು?

ಧ್ವನಿವ್ಯವಸ್ಥೆಯ ದೋಷ ಪತ್ತೆಗೆ ದುಬಾರಿ ಯಂತ್ರಗಳು ಬೇಕೆಂಬ ಭಾವನೆ ಸರಿಯಲ್ಲ. ಒಂದು ಉತ್ತಮ ಡಿಜಿಟಲ್ ಮಲ್ಟಿಮೀಟರ್ ಮತ್ತು ತಪ್ಪದ ಕ್ರಮ ಇದ್ದರೆ ಬಹುಪಾಲು ದೋಷಗಳು ಕೈಗೆ ಸಿಗುತ್ತವೆ. ಮೊದಲು ಗ್ರಾಹಕನ ಮಾತನ್ನು ಪೂರ್ತಿ ಕೇಳಬೇಕು. ತೊಂದರೆ ಎಂದಿನಿಂದ, ಎಂಜಿನ್ ಚಾಲೂ ಇರುವಾಗಲೋ ನಿಂತಾಗಲೋ, ಅದಕ್ಕೆ ಮುನ್ನ ವಾಹನದಲ್ಲಿ ಹೊಸದಾಗಿ ಏನನ್ನು ಕೂಡಿಸಲಾಗಿತ್ತು ಎಂಬ ಮೂರು ಪ್ರಶ್ನೆಗಳಿಗೆ ದೊರೆಯುವ ಉತ್ತರವೇ ಅರ್ಧ ದಾರಿ ತೋರಿಸುತ್ತದೆ.

ಎರಡನೆಯದು ಬ್ಯಾಟರಿ ಹಾಗೂ ಆಲ್ಟರ್ನೇಟರ್. ಎಂಜಿನ್ ನಿಂತು ವಿಶ್ರಾಂತಿಯಲ್ಲಿದ್ದಾಗ ತುಂಬಿದ ಬ್ಯಾಟರಿಯು ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಚಾಲೂ ಇದ್ದಾಗ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಇರಬೇಕು. ಈ ಎರಡು ಅಂಕಿಗಳನ್ನು ಬರೆದುಕೊಳ್ಳದೆ ಸೆಟ್ಟಿಗೆ ಕೈಹಚ್ಚುವುದು ವ್ಯರ್ಥ.

ಮೂರನೆಯದು ಫ್ಯೂಸ್ ಮತ್ತು ವಿದ್ಯುತ್ ಸಾಲುಗಳು. ಫ್ಯೂಸನ್ನು ಕಣ್ಣಿನಿಂದ ನೋಡಿ ತೀರ್ಮಾನಿಸದೆ, ಅದರ ಎರಡೂ ತುದಿಗಳಲ್ಲಿ ವೋಲ್ಟ್ ಅಳೆಯಬೇಕು. ಹಳದಿ ಸಾಲಿನಲ್ಲಿ ಸದಾ, ಕೆಂಪು ಸಾಲಿನಲ್ಲಿ ಕೀಲಿ ತಿರುಗಿಸಿದಾಗ ಮಾತ್ರ 12 ವೋಲ್ಟ್ ಬರಬೇಕು. ಈ ಬಣ್ಣಗಳು ಹೊರಗೆ ಕೊಂಡ ಸೆಟ್ಟುಗಳಲ್ಲಿ ರೂಢಿಯಲ್ಲಿರುವಂಥವು. ಕಾರು ತಯಾರಕರ ತಂತಿಗಳ ಬಣ್ಣವು ಕಂಪನಿಗೊಂದು ಬಗೆಯಾಗಿರುವುದರಿಂದ ಬಣ್ಣವನ್ನು ನಂಬದೆ ಮೀಟರನ್ನು ನಂಬುವುದು ವಿವೇಕ. ಪ್ರತಿ ಬಾರಿ ಕೀಲಿ ತೆಗೆದಾಗಲೂ ಗಡಿಯಾರ ಮತ್ತು ಸ್ಟೇಷನ್ನುಗಳ ನೆನಪು ಅಳಿಸಿಹೋಗುತ್ತಿದ್ದರೆ, ಈ ಎರಡು ಸಾಲುಗಳು ಅದಲುಬದಲಾಗಿರುವ ಸಂಭವ ಹೆಚ್ಚು.

ನಾಲ್ಕನೆಯದು ಅರ್ಥ್. ಬಣ್ಣ ಬಳಿದ ತಗಡಿಗೆ ಸ್ಕ್ರೂ ಹಾಕಿ ಬಿಗಿದ ಅರ್ಥ್, ಧೂಳು ಮತ್ತು ತುಕ್ಕಿನಿಂದ ಕಾಲಕ್ರಮೇಣ ಸಡಿಲಗೊಳ್ಳುತ್ತದೆ. ಆ ಕೀಲಿನಲ್ಲಿ ಕೇವಲ 0.05 ಓಮ್ ಪ್ರತಿರೋಧವಿದ್ದು 20 ಆಂಪಿಯರ್ ಹರಿದರೆ ಒಂದು ಪೂರ್ತಿ ವೋಲ್ಟ್ ನಷ್ಟವಾಗುತ್ತದೆ. 20 ವ್ಯಾಟ್ ಶಾಖ ಅಲ್ಲಿಯೇ ಹುಟ್ಟುತ್ತದೆ. ಧ್ವನಿ ಜೋರಾದಾಗ ಸೆಟ್ ತಾನಾಗಿಯೇ ಆರಿಹೋಗುವುದಕ್ಕೆ ಇದೊಂದು ಪ್ರಮುಖ ಕಾರಣ. ವ್ಯವಸ್ಥೆಯು ನುಡಿಯುತ್ತಿರುವಾಗಲೇ ಬ್ಯಾಟರಿಯ ನೆಗೆಟಿವ್ ತುದಿಗೂ ಆಂಪ್ಲಿಫೈಯರಿನ ಅರ್ಥ್‌ಗೂ ನಡುವಿನ ವೋಲ್ಟ್ ಅಳೆದರೆ ಇದು ಗೊತ್ತಾಗುತ್ತದೆ. ವಿದ್ಯುತ್ ಹರಿಯದಿರುವಾಗ ಮಾಡಿದ ಪರೀಕ್ಷೆಯಲ್ಲಿ ಇದೇ ಕೀಲು ನಿರ್ದೋಷಿಯಂತೆ ಕಾಣುವುದು.

ಐದನೆಯದು ಸ್ಪೀಕರ್ ಸಾಲು. ತಂತಿಯನ್ನು ಸೆಟ್ಟಿನಿಂದ ಬಿಡಿಸಿ ಅಳೆದಾಗ 4 ಓಮ್ ಸ್ಪೀಕರ್ ಸಾಮಾನ್ಯವಾಗಿ 3ರಿಂದ 4 ಓಮ್ ತೋರಿಸುತ್ತದೆ. ವಾಹನದ ಬಾಡಿಗೆ ಅದರ ಸಂಪರ್ಕ ಇರಲೇಕೂಡದು. ಇಂದಿನ ಸೆಟ್ಟುಗಳಲ್ಲಿ ಸ್ಪೀಕರಿನ ಎರಡೂ ತಂತಿಗಳಲ್ಲಿ ವಿದ್ಯುತ್ ಇರುವುದರಿಂದ, ಒಂದನ್ನು ಬಾಡಿಗೆ ಜೋಡಿಸುವ ಹಳೆಯ ಅಭ್ಯಾಸವು ಸೆಟ್ಟಿನ ಒಳಗಿನ ಐಸಿಯನ್ನೇ ಸುಡಬಲ್ಲದು. ಬಾಗಿಲಿನ ಸಂದಿಯಲ್ಲಿ ತಂತಿ ಜಜ್ಜಿ ಸಿಪ್ಪೆ ಕಿತ್ತುಹೋದಾಗಲೂ ಇದೇ ಅನಾಹುತ. ಕೊನೆಯದಾಗಿ, ಎಂಜಿನ್ ವೇಗದೊಂದಿಗೆ ಏರಿಳಿಯುವ ಸಿಳ್ಳಿನಂತಹ ಸದ್ದು ಕೇಳಿಬಂದರೆ ಆಲ್ಟರ್ನೇಟರ್ ಬದಲಿಸಲು ಅವಸರಿಸಬಾರದು. ಸೆಟ್ಟಿಗೂ ಆಂಪ್ಲಿಫೈಯರಿಗೂ ಬೇರೆ ಬೇರೆ ಸ್ಥಳದಲ್ಲಿ ಅರ್ಥ್ ಕೊಟ್ಟಿರುವುದು ಅಥವಾ ಸಂಕೇತದ ತಂತಿಯನ್ನು ವಿದ್ಯುತ್ ತಂತಿಯ ಜೊತೆಯಲ್ಲಿಯೇ ಎಳೆದಿರುವುದು ಇದಕ್ಕೆ ಅನೇಕ ವೇಳೆ ಕಾರಣವಾಗಿರುತ್ತದೆ.

ಬೆಂಕಿಯೊಡನೆ ಸರಸ ಸಲ್ಲದು

ಫ್ಯೂಸ್ ಇರುವುದು ಮುಖ್ಯವಾಗಿ ತಂತಿಯ ರಕ್ಷಣೆಗೆ. ಈ ಒಂದು ಮಾತನ್ನು ಪ್ರತಿಯೊಂದು ಅಂಗಡಿಯ ಗೋಡೆಯ ಮೇಲೆ ಬರೆಸಬೇಕು. 10 ಆಂಪಿಯರ್ ಫ್ಯೂಸ್ ಮೇಲಿಂದ ಮೇಲೆ ಹಾರುತ್ತಿದ್ದರೆ ಅದು ದೋಷವೊಂದನ್ನು ಸಾರಿ ಹೇಳುತ್ತಿದೆಯೆಂದು ತಿಳಿಯಬೇಕು. ಅದರ ಜಾಗದಲ್ಲಿ 30 ಆಂಪಿಯರಿನದನ್ನೋ, ಸಿಗರೇಟು ಪೊಟ್ಟಣದ ಬೆಳ್ಳಿ ಹಾಳೆಯನ್ನೋ ತುರುಕಿದರೆ ಮುಂದೆ ಸುಡುವುದು ತಂತಿ, ಅನಂತರ ಡ್ಯಾಶ್‌ಬೋರ್ಡ್. ಕಾರಿನ ಬ್ಯಾಟರಿಯು ಶಾರ್ಟ್ ಆದ ಕ್ಷಣದಲ್ಲಿ ನೂರಾರು ಆಂಪಿಯರ್ ಹರಿಸಬಲ್ಲದು. ಆದ್ದರಿಂದ ಆಂಪ್ಲಿಫೈಯರಿಗೆ ಎಳೆಯುವ ಮುಖ್ಯ ತಂತಿಯ ಫ್ಯೂಸು ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೇ ಇರಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಜಿಲ್ಲೆಯ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಅಗ್ಗದ ಟೇಪಿನ ಅಂಟು ಕರಗಿ ಜೋಡಣೆಗಳು ಬಿಚ್ಚಿಕೊಳ್ಳುವುದನ್ನೂ ಮರೆಯಲಾಗದು.

ಡಬ್ಬದ ಮೇಲಿನ ವ್ಯಾಟ್ ಅಂಕಿಗಳ ಬಗೆಗೂ ವರ್ತಕರು ಪ್ರಾಮಾಣಿಕರಾಗಬೇಕಾಗಿದೆ. 10 ಆಂಪಿಯರ್ ಫ್ಯೂಸಿನ ಸೆಟ್ 14.4 ವೋಲ್ಟಿನಲ್ಲಿ ನಿರಂತರವಾಗಿ ಪಡೆಯಬಲ್ಲ ಒಟ್ಟು ಶಕ್ತಿ 144 ವ್ಯಾಟ್. ಅದರಲ್ಲಿಯೂ ಒಂದು ಭಾಗ ಶಾಖವಾಗಿ ಹೋಗುತ್ತದೆ. ಅಂಥ ಸೆಟ್ ನಾಲ್ಕು ಸ್ಪೀಕರುಗಳಿಗೆ ತಲಾ 50 ವ್ಯಾಟ್‌ನಂತೆ 200 ವ್ಯಾಟನ್ನು ಸತತವಾಗಿ ಕೊಡುವುದೆಂದು ಹೇಳುವುದು ಗಣಿತಕ್ಕೇ ವಿರೋಧ. ಆ ಅಂಕಿಯನ್ನು ನಂಬಿ ಧ್ವನಿ ಏರಿಸಿದ ಗ್ರಾಹಕನೇ ನಾಳೆ ಸುಟ್ಟ ಸ್ಪೀಕರ್ ಹಿಡಿದು ಅದೇ ಅಂಗಡಿಗೆ ಬರುತ್ತಾನೆ.

ಪರೀಕ್ಷಾ ಶುಲ್ಕದ ಅವಶ್ಯಕತೆ

ಈ ಹಿನ್ನೆಲೆಯಲ್ಲಿ ಪರೀಕ್ಷಾ ಶುಲ್ಕವನ್ನು ಬಹಿರಂಗವಾಗಿ, ಪ್ರತ್ಯೇಕವಾಗಿ ವಿಧಿಸುವ ಪದ್ಧತಿ ಜಾರಿಗೆ ಬರಬೇಕು. ದರವು ಫಲಕದ ಮೇಲಿರಲಿ. ಅಳೆದ ವೋಲ್ಟ್, ಆಂಪಿಯರ್, ಓಮ್ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಗ್ರಾಹಕನಿಗೆ ಕೊಡಲಿ. ತೆಗೆದ ಹಳೆಯ ಬಿಡಿಭಾಗವನ್ನೂ ಅವನ ಕೈಗೆ ಒಪ್ಪಿಸಲಿ. ಹಣ ಕೊಟ್ಟವನಿಗೆ ತಾನು ಪಡೆದದ್ದು ಏನೆಂದು ಕಣ್ಣಿಗೆ ಕಂಡಾಗ ಶುಲ್ಕದ ಬಗ್ಗೆ ಅಸಮಾಧಾನ ಉಳಿಯುವುದಿಲ್ಲ.

ಪಕ್ಕದ ಅಂಗಡಿಯವರು ಪುಕ್ಕಟೆಯಾಗಿ ನೋಡಿಕೊಡುವಾಗ ಶುಲ್ಕ ಕೇಳಿದರೆ ಗಿರಾಕಿಗಳು ಕೈತಪ್ಪುವರೆಂಬ ಆತಂಕ ಸಹಜವಾದದ್ದು. ಆರಂಭದಲ್ಲಿ ಕೆಲವರು ಕೈತಪ್ಪಲೂಬಹುದು. ದುರಸ್ತಿಯನ್ನು ಅಲ್ಲಿಯೇ ಮಾಡಿಸಿದವರಿಗೆ ಶುಲ್ಕವನ್ನು ಅಂತಿಮ ಬಿಲ್ಲಿನಲ್ಲಿ ಭಾಗಶಃ ಹೊಂದಿಸಿಕೊಡುವುದು ಇದಕ್ಕೊಂದು ಪರಿಹಾರ. ಪುಕ್ಕಟೆ ಪರೀಕ್ಷೆಯ ಹಣವು ಬೇಡವಾದ ಬಿಡಿಭಾಗದ ಬೆಲೆಯಲ್ಲಿ ಹೇಗೂ ವಸೂಲಾಗುತ್ತದೆಂಬ ಸತ್ಯವನ್ನು ಗ್ರಾಹಕನು ಎರಡನೆಯ ಬಾರಿಗೆ ತಾನೇ ಅರಿಯುವನು. ಅಲ್ಲದೆ, 2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಮಾರಿದ ಸರಕಿಗೆ ಅಥವಾ ಒದಗಿಸಿದ ಸೇವೆಗೆ ಬಿಲ್ ನೀಡದಿರುವುದು ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಗೆ ಸೇರಿದೆ. ಅಂಕಿಗಳುಳ್ಳ ಲಿಖಿತ ಚೀಟಿಯು ಗ್ರಾಹಕನಿಗೆ ಎಷ್ಟು ರಕ್ಷಣೆಯೋ, ವಿವಾದ ಬಂದಾಗ ಅಂಗಡಿಗೂ ಅಷ್ಟೇ ರಕ್ಷಣೆ.

ಬದಲಾಗುತ್ತಿರುವ ವಾಹನಗಳು

ಇದಕ್ಕಿಂತಲೂ ದೊಡ್ಡ ಸವಾಲು ಬಾಗಿಲಲ್ಲಿ ನಿಂತಿದೆ. ಹೊಸ ಕಾರುಗಳಲ್ಲಿ ಪರದೆಯುಳ್ಳ ಸೆಟ್ ಕಾರ್ಖಾನೆಯಿಂದಲೇ ಬರುತ್ತದೆ. ಅದು ಹಿಂಬದಿಯ ಕ್ಯಾಮೆರಾ, ಸ್ಟಿಯರಿಂಗ್ ಗುಂಡಿಗಳು ಹಾಗೂ ವಾಹನದ ಇತರ ಘಟಕಗಳೊಂದಿಗೆ ದತ್ತಾಂಶದ ತಂತಿಗಳ ಮೂಲಕ ಸಂಭಾಷಿಸುತ್ತದೆ. ಅಲ್ಲಿ ಟೆಸ್ಟ್ ಲ್ಯಾಂಪ್ ಹಿಡಿದು ಸಿಕ್ಕಿದ ತಂತಿಗೆ ಚುಚ್ಚುವುದು ಅಪಾಯಕಾರಿ. ಮೂಲ ತಂತಿಯನ್ನು ಕತ್ತರಿಸಿದರೆ ತಯಾರಕರ ಖಾತರಿಗೂ ಧಕ್ಕೆ ಬರಬಹುದು. ದೋಷಪತ್ತೆಯ ಉಪಕರಣ ಮತ್ತು ಮಾಹಿತಿ ಇಲ್ಲದ ಸಣ್ಣ ಅಂಗಡಿಗಳು ಕ್ರಮೇಣ ಕೆಲಸ ಕಳೆದುಕೊಳ್ಳುವ ಸಂಭವವಿದೆ.

ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರ ಆದೇಶದಲ್ಲಿ, ಬಿಡಿಭಾಗ ಮತ್ತು ದೋಷಪತ್ತೆ ಉಪಕರಣಗಳು ಸ್ವತಂತ್ರ ದುರಸ್ತಿಗಾರರಿಗೆ ದೊರೆಯದಂತೆ ನಿರ್ಬಂಧಿಸಿದ್ದಕ್ಕಾಗಿ 14 ಕಾರು ತಯಾರಕರಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತ್ತು. ಆ ಆದೇಶವು ಮೇಲ್ಮನವಿಗಳ ಹಾದಿ ಹಿಡಿಯಿತು. ಕೇಂದ್ರ ಸರ್ಕಾರವು 2022ರ ಡಿಸೆಂಬರ್ 24ರಂದು ಆರಂಭಿಸಿದ ದುರಸ್ತಿ ಹಕ್ಕಿನ ಪೋರ್ಟಲ್‌ನಲ್ಲಿ ವಾಹನ ಕ್ಷೇತ್ರವೂ ಸೇರಿದೆ. ದೆಹಲಿಯಲ್ಲಿ ತೆರೆದ ಬಾಗಿಲು ತೊರವಿಯ ರಸ್ತೆಯ ಅಂಗಡಿಯವರೆಗೆ ತಲುಪಬೇಕಾದರೆ ನಡುವೆ ಸ್ಥಳೀಯ ಸಂಘಟನೆಯ ಪ್ರಯತ್ನ ಅವಶ್ಯ.

ವಾಣಿಜ್ಯೋದ್ಯಮ ಸಂಸ್ಥೆಗಳು ಈ ದಿಸೆಯಲ್ಲಿ ಮೂರು ಕೆಲಸಗಳನ್ನು ಕೈಗೊಳ್ಳಬಹುದು. ಕೈಗಾರಿಕಾ ತರಬೇತಿ ಸಂಸ್ಥೆಗಳ ನೆರವಿನಿಂದ ಅಂಗಡಿ ರಜೆಯ ದಿನಗಳಲ್ಲಿ ಕುಶಲಕರ್ಮಿಗಳಿಗೆ ಅಳತೆ ಆಧಾರಿತ ದೋಷಪತ್ತೆಯ ತರಬೇತಿ ಏರ್ಪಡಿಸುವುದು. ಒಬ್ಬರೇ ಕೊಳ್ಳಲಾಗದ ಸ್ಕ್ಯಾನರ್ ಉಪಕರಣವನ್ನು ಹತ್ತಾರು ಅಂಗಡಿಗಳು ಕೂಡಿ ಕೊಂಡು ಸರದಿಯಂತೆ ಬಳಸುವ ಏರ್ಪಾಡು ಮಾಡುವುದು. ಪರೀಕ್ಷಾ ಚೀಟಿಯ ಒಂದು ಏಕರೂಪ ಮಾದರಿಯನ್ನು ಕನ್ನಡದಲ್ಲಿ ಸಿದ್ಧಪಡಿಸುವುದು. ಸಣ್ಣ ತಯಾರಕರಿಗೂ ಇಲ್ಲಿ ಅವಕಾಶವಿದೆ. ಮೂಲ ತಂತಿ ಕತ್ತರಿಸದೆ ಸೆಟ್ ಕೂಡಿಸಲು ಬೇಕಾದ ಕಪ್ಲರ್ ಜೋಡಣೆಗಳು, ಫ್ಯೂಸ್ ಹೋಲ್ಡರುಗಳು ಮತ್ತು ಸೆಟ್ಟಿನ ಚೌಕಟ್ಟುಗಳು ಸಣ್ಣ ಘಟಕಗಳಲ್ಲಿ ತಯಾರಾಗಬಲ್ಲ ವಸ್ತುಗಳೇ.

ಅಂಗಡಿಯ ಬಂಡವಾಳವು ಕಪಾಟಿನಲ್ಲಿ ಜೋಡಿಸಿಟ್ಟ ಸೆಟ್ಟುಗಳ ಬೆಲೆಯಿಂದಷ್ಟೇ ಆಗಿರುವುದಿಲ್ಲ. ಅಲ್ಲಿಗೆ ಹೋದರೆ ದೋಷ ಸಿಗುತ್ತದೆ, ಬೇಡದ್ದನ್ನು ಮಾರುವುದಿಲ್ಲ ಎಂಬ ನಂಬಿಕೆಯೂ ಬಂಡವಾಳವೇ. ಹೊಸ ಬ್ಯಾಟರಿ ಕೊಂಡು ಐದನೆಯ ದಿನ ಮತ್ತೆ ಕಾರು ತಳ್ಳಿಸಿಕೊಂಡ ಬೆಳೆಗಾರನು ಮುಂದಿನ ಬಾರಿ ತಿಕೋಟಾದಿಂದ ಬರುವಾಗ ಯಾವ ಅಂಗಡಿಯ ಮುಂದೆ ವಾಹನ ನಿಲ್ಲಿಸುವನು ಎಂಬುದನ್ನು ವರ್ತಕ ಬಾಂಧವರು ಈಗಲೇ ಆಲೋಚಿಸುವುದು ಒಳಿತು.